ಕೊನೇಮಾತಣ್ಣನ ವ್ಯಾನು

ಅವನನ್ನು ಇಡೀ ಬೀದಿ ಕೊನೇಮಾತಣ್ಣ ಎಂದು ಕರೆಯುತ್ತಿತ್ತು. ಯಾವ ಅಂಗಡಿಗೆ ಹೋದರೂ ಅವನು ಬಾಯಿ ತೆರೆಯುತ್ತಿದ್ದುದೇ "ಕೊನೇ ಮಾತು ಹೇಳಿಬಿಡಿ" ಎಂದು. ಅಂಗಡಿಯವನು ಪಾಪ, ಇನ್ನೂ ಮೊದಲ ಮಾತನ್ನೇ ಆಡಿರುತ್ತಿರಲಿಲ್ಲ. ಬೀದಿಯಲ್ಲಿ ಯಾರ ಮನೆಗೆ ಮಂಚ ಬರಲಿ, ಫ್ರಿಜ್ಜು ಬರಲಿ, ಹೊಲಿಗೆ ಯಂತ್ರ ಬರಲಿ, ಕೊನೇಮಾತಣ್ಣ ಜೊತೆಗಿರಬೇಕು. ಅವನಿಲ್ಲದೆ ಕೊಂಡು ತಂದ ಸಾಮಾನನ್ನು ಜನ ಮನೆಯಲ್ಲಿಟ್ಟುಕೊಂಡು, ಎಷ್ಟು ಟೋಪಿ ಹಾಕಿದರೋ ಏನೋ ಎಂದು ವರ್ಷಗಟ್ಟಲೆ ಅನುಮಾನಪಡುತ್ತಿದ್ದರು.

ತಮಾಷೆಯೆಂದರೆ ಅವನ ಸ್ವಂತ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ "ಒಂದೇ ದರ, ಚೌಕಾಸಿ ಇಲ್ಲ" ಎಂಬ ಹಲಗೆ ನೇತಾಡುತ್ತಿತ್ತು. ಬಕೆಟ್ಟು, ಹಗ್ಗ, ಚಾಪೆ, ಪೊರಕೆ, ಮಳೆಗಾಲದಲ್ಲಿ ಛತ್ರಿ ಮಾರುವ ಚಿಕ್ಕ ಅಂಗಡಿ ಅದು. ಇದೇನಯ್ಯ ನ್ಯಾಯ ಎಂದು ಯಾರಾದರೂ ಕೇಳಿದರೆ, "ನನ್ನಂಥವನೊಬ್ಬ ಬಂದುಬಿಟ್ಟರೆ ನನ್ನ ಗತಿ ಏನು?" ಎನ್ನುತ್ತಿದ್ದ.

ಅವನ ವಿದ್ಯೆಯೆಲ್ಲ ಇದ್ದದ್ದು ಒಂದೇ ಪಟ್ಟಿನಲ್ಲಿ. ಎದ್ದು ಹೊರಡುವುದು. ಬೆಲೆ ಒಂದು ಕಡೆ ಬಂದು ನಿಂತಿತು, ಇನ್ನು ಅಲುಗುವುದಿಲ್ಲ ಎನಿಸಿದಾಗ ಅವನು ಮೊಣಕಾಲ ಮೇಲೆ ಕೈಯೂರಿ, ಉದ್ದನೆಯ ಉಸಿರು ಬಿಟ್ಟು, "ಏಳಿ, ಹೋಗೋಣ" ಎನ್ನುತ್ತಿದ್ದ. ಜೊತೆಯಲ್ಲಿ ಬಂದವರೆಲ್ಲ ಒಟ್ಟಿಗೆ ಏಳಬೇಕು. ಯಾರೂ ತಿರುಗಿ ನೋಡಕೂಡದು. ಬಾಗಿಲ ಹತ್ತಿರ ಅವನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗುತ್ತಿದ್ದ. ಅದು ಅಂಗಡಿಯವನಿಗೆ ಯೋಚಿಸಲು ಕೊಟ್ಟ ಸಮಯ. ಅವನು ನೆಟ್ಟಗಾಗುವಷ್ಟರಲ್ಲಿ ಹಿಂದಿನಿಂದ "ಬನ್ನಿ ಸ್ವಾಮಿ, ಅದಕ್ಯಾಕೆ ಕೋಪ" ಎಂದು ಕರೆ ಬರುತ್ತಿತ್ತು. ಬಂದೇ ಬರುತ್ತಿತ್ತು. ಕರೆಯದೆ ತಾನಾಗಿ ವಾಪಸು ಹೋದವನ ಕಥೆ ಮುಗಿಯಿತು, ಆಮೇಲೆ ಅವರು ಹೇಳಿದ್ದೇ ಬೆಲೆ ಎಂದು ಹೊಸದಾಗಿ ಸಂಸಾರ ಹೂಡಿದವರಿಗೆ ಅವನು ಪುಕ್ಕಟೆ ಪಾಠ ಹೇಳುತ್ತಿದ್ದ.

ಇಂಥ ಬಡಪೆಟ್ಟಿಗೆ ಬಗ್ಗದ ಮನುಷ್ಯ, ವ್ಯಾನು ಕೊಳ್ಳಲು ಹೊರಟ ದಿನ ಬೆಳಿಗ್ಗೆ ಗಡ್ಡ ಹೆರೆಯುವಾಗ ಗಲ್ಲ ಕುಯ್ದುಕೊಂಡ. ಎರಡು ಸಲ ಷರಟು ಬದಲಾಯಿಸಿದ. ಒಳ್ಳೆಯದು ಹಾಕಿಕೊಂಡರೆ ದುಡ್ಡಿರುವವರು ಎಂದುಕೊಂಡಾರು, ಹಳೆಯದು ಹಾಕಿಕೊಂಡರೆ ಲೆಕ್ಕಕ್ಕೇ ತೆಗೆದುಕೊಳ್ಳಲಿಕ್ಕಿಲ್ಲ. ಬೇರೆಯವರ ಪರವಾಗಿ ಚೌಕಾಸಿಗೆ ಹೋಗುವಾಗ ಅವನ ಹೊಟ್ಟೆ ತಣ್ಣಗಿರುತ್ತಿತ್ತು. ಮಂಚ ತಪ್ಪಿದರೆ ನೆಲದ ಮೇಲೆ ಮಲಗಬೇಕಾದವರು ಅವರು ತಾನೆ. ಈ ಸಲ ಗಾಡಿ ಬೇಕಾಗಿದ್ದುದು ಅವನ ತಮ್ಮನಿಗೆ.

ತಮ್ಮನಿಗೆ ಬೆನ್ನುಹುರಿಯ ಕಾಯಿಲೆ ಬಂದು ಆರು ವರ್ಷವಾಗಿತ್ತು. "ಕಾಲುಗಳೇ ಕೈಕೊಟ್ಟುಬಿಟ್ವು" ಎಂದು ಅವನೇ ನಗಾಡುತ್ತಿದ್ದ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಮೇಜು ಒತ್ತಿ ಹಾಕಿಕೊಂಡು, ಗಾಲಿಕುರ್ಚಿಯಲ್ಲಿ ಕೂತು ಬೀದಿಯವರ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಕೈ ಚುರುಕು, ನಾಲಿಗೆ ಇನ್ನೂ ಚುರುಕು. ಹೊರಗೆ ಹೋಗಬೇಕಾದರೆ ಮಾತ್ರ ಇಬ್ಬರು ಬಂದು ಒಬ್ಬರು ಕಂಕುಳಿಗೆ, ಒಬ್ಬರು ಮೊಣಕಾಲಿಗೆ ಕೈಕೊಟ್ಟು ಎತ್ತಿ ಬಾಡಿಗೆ ಕಾರಿನ ಸೀಟಿಗೆ ತುರುಕಬೇಕು. ಹೀಗೆ ಎತ್ತುವಾಗ ಒಮ್ಮೆ ಕೈ ಜಾರಿ, ಪ್ಯಾಂಟು ಅರ್ಧ ಇಳಿದು, ಬೀದಿಯ ಹೆಂಗಸರು ಮಕ್ಕಳೆಲ್ಲ ನೋಡುವಂತಾಯಿತು. ಅವತ್ತು ಅವನೂ ಎಲ್ಲರ ಜೊತೆ ನಕ್ಕ. ಮಾರನೆಯ ದಿನದಿಂದ ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೊರಡಲಿಲ್ಲ. ಚಿಕ್ಕಪ್ಪನ ಮಗಳ ಮದುವೆಗೆ ಬಾ ಎಂದಾಗ, "ನಾನೇನು ಅಕ್ಕಿ ಮೂಟೆನಾ ಅಣ್ಣ, ಎತ್ತಾಕೊಂಡು ಹೋಗಕ್ಕೆ?" ಎಂದು ಹೇಳಿ ಕಿಟಕಿ ಮುಚ್ಚಿಕೊಂಡ. ಅಣ್ಣನಿಗೆ ಆ ಮದುವೆಯ ಊಟ ರುಚಿಸಲಿಲ್ಲ.

ಆ ವ್ಯಾನನ್ನು ಕಂಡುಹಿಡಿದವಳು ಕೊನೇಮಾತಣ್ಣನ ಹೆಂಡತಿ. ದೊಡ್ಡ ರಸ್ತೆಯ ಷೋರೂಮಿನ ಗಾಜಿನಾಚೆ ನಿಂತಿತ್ತು. ತಗ್ಗು ನೆಲದ, ಹಾಲುಬಿಳಿಯ ಗಾಡಿ. ಹಿಂದಿನ ಬಾಗಿಲು ಮೇಲಕ್ಕೆ ಎದ್ದರೆ ಮಡಚಿಟ್ಟ ಹಲಗೆಯೊಂದು ಇಳಿಜಾರಾಗಿ ನೆಲಕ್ಕೆ ಚಾಚಿಕೊಳ್ಳುತ್ತಿತ್ತು. ಗಾಲಿಕುರ್ಚಿಯಲ್ಲಿ ಕೂತವರು ಕೂತ ಹಾಗೆಯೇ, ತಮ್ಮ ಕೈಯಿಂದಲೇ ಗಾಲಿ ತಿರುಗಿಸಿಕೊಂಡು ಒಳಗೆ ಹೋಗಬಹುದು. ಯಾರೂ ಮುಟ್ಟಬೇಕಾಗಿಲ್ಲ. ಯಾರೋ ಹೇಳಿ ಮಾಡಿಸಿದ್ದರಂತೆ, ಆಮೇಲೆ ಅವರಿಗೆ ಬೇಡವಾಯಿತಂತೆ. ಇರುವುದು ಇದೊಂದೇ, ಇನ್ನೊಂದು ಮಾಡಿಸಬೇಕೆಂದರೆ ವರ್ಷ ಹಿಡಿಯುತ್ತದೆ ಎಂದು ತಿಳಿದುಕೊಂಡು ಬಂದಳು. ಅವಳು ಸುಮ್ಮನೆ ಕೂರುವ ಪೈಕಿಯಲ್ಲ. ಎಂದೋ ತೆಗೆದಿಟ್ಟ ಲೈಸೆನ್ಸು ಹುಡುಕಿ, ಆ ವಾರವೇ ಡ್ರೈವಿಂಗ್ ಶಾಲೆ ಸೇರಿ ಕೈ ಪಳಗಿಸಿಕೊಂಡಳು. ಗಂಡ ಸ್ಟೀರಿಂಗು ಮುಟ್ಟಿದರೆ ಬೆವರುವವನು.

ಷೋರೂಮಿನವರು ಹೇಳಿದ ಬೆಲೆಗೂ ಇವರ ಕೈಯಲ್ಲಿದ್ದುದಕ್ಕೂ ನಡುವೆ ಇಪ್ಪತ್ತು ಸಾವಿರದ ಕಂದಕವಿತ್ತು. ಮಳೆಗಾಲದ ಸರಕು ತರಲು ಎತ್ತಿಟ್ಟ ದುಡ್ಡನ್ನೂ ಸುರಿದರೆ ಅದು ತುಂಬುತ್ತಿತ್ತು. ಆದರೆ ಛತ್ರಿಯಿಲ್ಲದೆ ಮಳೆಗಾಲದಲ್ಲಿ ಆ ಅಂಗಡಿ ತೆರೆಯುವುದೂ ಒಂದೇ, ಮುಚ್ಚುವುದೂ ಒಂದೇ. ಆದ್ದರಿಂದ ಇಪ್ಪತ್ತು ಸಾವಿರ ಇಳಿಸಲೇಬೇಕು, ವ್ಯಾನೂ ಕೈತಪ್ಪಬಾರದು. ಈ ಎರಡು ಯೋಚನೆ ಅವನ ತಲೆಯೊಳಗೆ ಜಗಳವಾಡುತ್ತಿದ್ದವು.

ಹೊರಡುವ ಮುಂಚೆ ಅವನು ಹೆಂಡತಿ, ತಮ್ಮ ಇಬ್ಬರನ್ನೂ ಕೂರಿಸಿಕೊಂಡು ತಾಲೀಮು ಮಾಡಿಸಿದ.

"ಮುಖ ನೋಡ್ಕೊಳಿ. ಇಷ್ಟ ಆಯ್ತು ಅಂತ ಗೊತ್ತಾಯ್ತೋ, ಮುಗೀತು. ಹಲ್ಲು ಬಿಡಬಾರದು. ಗಾಡಿ ನೋಡಿದ್ರೆ ಕೊಳೆತ ಟೊಮೇಟೊ ನೋಡ್ದಂಗಿರಬೇಕು."

"ಹಿಂಗಾ?" ತಮ್ಮ ಮುಖ ಗಂಟಿಕ್ಕಿಕೊಂಡ.

"ಅದು ಹಲ್ಲುನೋವಿನ ಮುಖ. ಏನೂ ಇರಬಾರದು ಮುಖದಲ್ಲಿ. ಖಾಲಿ."

ತಮ್ಮ ಖಾಲಿ ಮಾಡಲು ನೋಡಿದ, ಆಗಲಿಲ್ಲ, ಪಕ್ಕೆಂದು ನಕ್ಕುಬಿಟ್ಟ. ಅತ್ತಿಗೆಯೂ ನಕ್ಕಳು. ಕೊನೇಮಾತಣ್ಣನಿಗೆ ನಗು ಬರಲಿಲ್ಲ. "ನೀವಿಬ್ರೂ ಸೇರಿ ನನ್ನ ಮುಳುಗಿಸ್ತೀರಾ" ಎಂದು ಎದ್ದ. ಕೊನೆಯ ಸಲ ಎಂದುಕೊಂಡು ತಮ್ಮನನ್ನು ಇಬ್ಬರು ಎತ್ತಿ ಬಾಡಿಗೆ ಕಾರಿಗೆ ಕೂರಿಸಿದರು. ತಮ್ಮ ಕಣ್ಣು ಮುಚ್ಚಿಕೊಂಡಿದ್ದ.

ಷೋರೂಮು ಆಸ್ಪತ್ರೆಯಷ್ಟು ತಣ್ಣಗಿತ್ತು, ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಎದುರುಗೊಂಡವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು, ಮಾತೂ ಹಾಗೆಯೇ ಅಚ್ಚುಕಟ್ಟು. ಗಂಡಸರ ಹೆಗಲ ಮೇಲೆ ಕೈಹಾಕಿ "ಅಣ್ಣಾ ನೀನೂ ವ್ಯಾಪಾರಿ, ನಾನೂ ವ್ಯಾಪಾರಿ" ಎನ್ನುವ ಅವನ ವರಸೆ ಇಲ್ಲಿ ನಡೆಯುವಂತಿರಲಿಲ್ಲ.

ಗಾಡಿಯ ಹಿಂಬಾಗಿಲು ತೆರೆದು ಅವಳು ಹಲಗೆ ಇಳಿಸಿದಳು. "ನೀವೇ ಹತ್ತಿ ನೋಡಿ ಸರ್" ಎಂದು ತಮ್ಮನಿಗೆ ಹೇಳಿದಳು. ಅಣ್ಣನಿಗಲ್ಲ, ತಮ್ಮನಿಗೆ. ತಮ್ಮ ಎರಡು ಕೈಯಲ್ಲೂ ಗಾಲಿ ಹಿಡಿದು, ಒಂದು ದಮ್ಮಿಗೆ ಹತ್ತಿ ಒಳಗೆ ಹೋದ. ಅವಳು ನೆಲದ ಕೊಕ್ಕೆಗಳಿಗೆ ಕುರ್ಚಿಯನ್ನು ಬಿಗಿಯುವುದನ್ನು ತೋರಿಸಿದಳು. ಅವನು ಕಿಟಕಿಯ ಗಾಜು ಇಳಿಸಿದ, ಏರಿಸಿದ, ಮತ್ತೆ ಇಳಿಸಿದ. ಅಣ್ಣ ಕೆಮ್ಮಿ ಎಚ್ಚರಿಸಿದ. ತಮ್ಮ ತಟ್ಟನೆ ಮುಖ ಖಾಲಿ ಮಾಡಿಕೊಂಡ. ಕಣ್ಣುಗಳು ಮಾತ್ರ ಮಿನುಗುತ್ತಲೇ ಇದ್ದವು.

"ಅವನು ಅಲ್ಲೇ ಕೂತಿರಲಿ, ನಾವು ಮಾತಾಡೋಣ" ಎಂದು ಕೊನೇಮಾತಣ್ಣ ಆ ಮುಖವನ್ನು ಮಾರಾಟದವಳ ಕಣ್ಣಿಂದ ದೂರ ಮಾಡಲು, ಆಚೆ ಮೂಲೆಯ ಮೇಜಿಗೆ ಅವಳನ್ನು ಕರೆದುಕೊಂಡು ಹೋದ. ಅವನು ಅವತ್ತು ಮಾಡಿದ ಜಾಣತನವೆಂದರೆ ಅದೊಂದೇ, ಅದೇ ಅವನಿಗೆ ಮುಳುವಾಯಿತು.

"ಕೊನೇ ಮಾತು ಹೇಳಿಬಿಡಮ್ಮ."

"ಮೊದಲೇ ಹೇಳಿದೀನಲ್ಲ ಸರ್. ಇದರಲ್ಲಿ ಇಳಿಸಕ್ಕೆ ಏನೂ ಇಲ್ಲ. ಕಾಲಡಿಗೆ ಹಾಕೋ ಮ್ಯಾಟು ಕೊಡ್ತೀನಿ."

"ಮ್ಯಾಟು ನಾನೇ ಮಾರ್ತೀನಮ್ಮ. ಇಪ್ಪತ್ತು ಸಾವಿರ ಬಿಡು."

"ಆಗಲ್ಲ ಸರ್."

"ಬೇರೆಯವರು ಮಾಡಿಸಿ ಬೇಡ ಅಂದಿರೋ ಗಾಡಿ. ನಿಂತು ನಿಂತು ಟೈರು ಕೂತಿರುತ್ತೆ."

"ಟೈರು ಹೊಸದು ಸರ್, ನೋಡಿ ಬೇಕಾದ್ರೆ."

ಅವಳು ಜಗಳವಾಡಲಿಲ್ಲ, ಗೋಗರೆಯಲೂ ಇಲ್ಲ. ಹಾಗಿದ್ದಿದ್ದರೆ ಅವನಿಗೆ ಹಿಡಿತ ಸಿಗುತ್ತಿತ್ತು. ಬಣ್ಣಕ್ಕೆ ಹೆಸರಿಟ್ಟ, ಸೀಟಿನ ಬಟ್ಟೆಗೆ ಹೆಸರಿಟ್ಟ, ಹಾರನ್ನು ಕೀರಲು ಎಂದ. ಅವಳು ಎಲ್ಲಕ್ಕೂ "ಹೌದಾ ಸರ್" ಎಂದು ತಲೆಯಾಡಿಸಿದಳು. ಬೆಲೆ ಇದ್ದಲ್ಲೇ ಇತ್ತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೇಜಿನ ಕೆಳಗೆ ಅವನ ಕಾಲು ಒತ್ತಿದಳು. ಸಾಕು ಎಂದೋ, ಇನ್ನೂ ಕೇಳಿ ಎಂದೋ ಅವನಿಗೆ ತಿಳಿಯಲಿಲ್ಲ.

"ಇನ್ನೊಂದು ವಿಷಯ ಸರ್" ಎಂದಳು ಅವಳು. "ವೃದ್ಧಾಶ್ರಮದವರೊಬ್ಬರು ಇವತ್ತು ಇದೇ ಗಾಡಿ ನೋಡಕ್ಕೆ ಬರ್ತೀನಿ ಅಂದಿದಾರೆ."

ಕೊನೇಮಾತಣ್ಣನಿಗೆ ಹೋದ ಜೀವ ಬಂದಂತಾಯಿತು. ಎಲ್ಲ ಅಂಗಡಿಗಳಲ್ಲೂ ಇಂಥ ಒಬ್ಬ ಗಿರಾಕಿ ಇರುತ್ತಾನೆ, ಇನ್ನೇನು ಬಂದುಬಿಡುತ್ತಾನೆ, ಅವನನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ. ಓಹೋ, ಇವಳೂ ಎಲ್ಲರಂತೆಯೇ, ಹೆದರಿಸುತ್ತಿದ್ದಾಳೆ ಎಂದುಕೊಂಡ. ಹಾಗಾದರೆ ಬಗ್ಗುತ್ತಾಳೆ. ಅವನು ಮೊಣಕಾಲ ಮೇಲೆ ಕೈಯೂರಿದ. ಉದ್ದನೆಯ ಉಸಿರು ಬಿಟ್ಟ.

"ಏಳಿ, ಹೋಗೋಣ."

ಹೆಂಡತಿ ಎದ್ದಳು. ಇಬ್ಬರೂ ತಿರುಗಿ ನೋಡದೆ ನಡೆದರು. ಬಾಗಿಲ ಹತ್ತಿರ ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಕರೆ ಬರಲಿಲ್ಲ. ಇನ್ನೊಂದು ಕಾಲಿನದನ್ನೂ ಸರಿಮಾಡಿಕೊಂಡ. ಬರಲಿಲ್ಲ. ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು, ಅವರನ್ನು ಬಿಸಿಲಿಗೆ ದಾಟಿಸಿ ತಾನಾಗಿ ಮುಚ್ಚಿಕೊಂಡಿತು.

ಫುಟ್‌ಪಾತಿನಲ್ಲಿ ಅವನು ಆಮೆಯಂತೆ ನಡೆದ. ಪಕ್ಕದ ಟೈರಿನ ಅಂಗಡಿ ದಾಟಿತು. ಅದರಾಚೆಯ ಔಷಧದ ಅಂಗಡಿ ಬಂತು. ಯಾವ ಅಂಗಡಿಯವನೂ ಅವನನ್ನು ಇಷ್ಟು ದೂರ ಬಿಟ್ಟಿದ್ದಿಲ್ಲ.

"ಕರೀಲಿಲ್ಲ ಅಲ್ವೇನೇ" ಎಂದ ಮೆಲ್ಲಗೆ.

"ಯಾಕೆ ಕರೀತಾಳ್ರೀ?" ಹೆಂಡತಿ ನಿಂತುಬಿಟ್ಟಳು. "ನಿಮ್ಮ ತಮ್ಮ ಅವಳ ಗಾಡಿಯೊಳಗೇ ಕೂತಿದಾನಲ್ಲ!"

ಎದ್ದು ಹೊರಡುವುದರಲ್ಲಿ ಇಡೀ ಬೀದಿಗೆ ಗುರುವಾದವನು, ಯಾರಿಗಾಗಿ ಬಂದಿದ್ದನೋ ಅವನನ್ನೇ ಒಳಗೆ ಬಿಟ್ಟು ಎದ್ದು ಬಂದಿದ್ದ. ಎಲ್ಲರೂ ಒಟ್ಟಿಗೆ ಏಳಬೇಕು ಎಂಬುದು ಅವನದೇ ನಿಯಮ. ತಮ್ಮ ಎಲ್ಲಿಂದ ಏಳುತ್ತಾನೆ? ನಾಚಿಕೆ, ಸಿಟ್ಟು, ಸಂಕಟ ಮೂರೂ ಒಟ್ಟಿಗೆ ನುಗ್ಗಿ ಅವನ ಕಣ್ಣು ಉರಿಯಿತು. ಒಂದು ಗಳಿಗೆಯಾದರೂ ತಮ್ಮನ ಕಾಲನ್ನು ತಾನು ಮರೆತೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಷ್ಟರಲ್ಲಿ ಷೋರೂಮಿನ ಮುಂದೆ ಒಂದು ಹಳೆಯ ಕಾರು ಬಂದು ನಿಂತಿತು. ಬಾಗಿಲ ಮೇಲೆ ವೃದ್ಧಾಶ್ರಮವೊಂದರ ಹೆಸರು ಬರೆದಿತ್ತು. ದಪ್ಪನೆಯ ಮನುಷ್ಯನೊಬ್ಬ ಬೆವರು ಒರೆಸಿಕೊಳ್ಳುತ್ತ ಇಳಿದು ನೇರ ಒಳಗೆ ಹೋದ. ಯಾರೂ ಕಂಡಿಲ್ಲದ ಆ ಗಿರಾಕಿ ಕೈಕಾಲು ಸಮೇತ ಬಂದುಬಿಟ್ಟಿದ್ದ.

ಕೊನೇಮಾತಣ್ಣ ಓಡಿದ. ಗಾಜಿನ ಹತ್ತಿರ ಬಂದವನಿಗೆ ಕಾಲು ಮುಂದಕ್ಕೆ ಏಳಲಿಲ್ಲ. ಕರೆಯದೆ ವಾಪಸು ಹೋಗಬಾರದು ಎಂಬ ಹಳೆಯ ಅಭ್ಯಾಸ ಅಲ್ಲೂ ಅವನ ಕೊರಳಪಟ್ಟಿ ಹಿಡಿಯಿತು. ಎರಡು ಕೈಯನ್ನೂ ಹುಬ್ಬಿಗೆ ಒತ್ತಿ ಗಾಜಿನೊಳಗೆ ಇಣುಕಿದ.

ತಮ್ಮ ಕೊಕ್ಕೆ ಬಿಚ್ಚಿಕೊಂಡಿದ್ದ. ಹಲಗೆಯ ಮೇಲಿಂದ ಜುಯ್ಯೆಂದು ಕೆಳಗೆ ಇಳಿದ, ನುಣ್ಣನೆಯ ನೆಲದ ಮೇಲೆ ಗಿರಕಿ ಹೊಡೆದ, ತೋಳು ಬಿಗಿದು ಮತ್ತೆ ಮೇಲಕ್ಕೆ ಹತ್ತಿದ. ಮತ್ತೆ ಇಳಿದ. ಮತ್ತೆ ಹತ್ತಿದ. ಆಶ್ರಮದವನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ, ಮಾರಾಟದವಳು ನೋಡುತ್ತಿದ್ದಳು, ನೆಲ ಒರೆಸುವ ಹೆಂಗಸು ಕೋಲು ಹಿಡಿದು ನಿಂತಿದ್ದಳು. ತಮ್ಮನ ಮುಖದಲ್ಲಿ ಖಾಲಿ ಎನ್ನುವುದು ಎಳ್ಳಷ್ಟೂ ಇರಲಿಲ್ಲ. ಬಾಯಿತುಂಬ ಹಲ್ಲು. ಚಿಕ್ಕಂದಿನಲ್ಲಿ ಶಾಲೆಯ ಗೇಟಿನ ಮೇಲೆ ನಿಂತು ತೂಗಾಡುವಾಗ ಇದ್ದ ಮುಖ ಅದು. ಆರು ವರ್ಷದಿಂದ ತಮ್ಮ ದಿನವೂ ನಗುತ್ತಲೇ ಇದ್ದನಲ್ಲ, ಆದರೆ ಆ ನಗು ಇದಲ್ಲ, ಇದಲ್ಲವೇ ಅಲ್ಲ ಎಂದು ಕೊನೇಮಾತಣ್ಣನಿಗೆ ಹೊಳೆಯಿತು. ಛತ್ರಿ ಹಾಳಾಗಲಿ.

ಗಾಜಿನ ಬಾಗಿಲು ತೆರೆಯಿತು. ಅವನು ಕರೆಯದೆಯೇ ಒಳಗೆ ಹೋದ.

ಆಶ್ರಮದವನೇ ಮೊದಲು ಮಾತಾಡಿದ. "ಓ, ನೀವೇನಾ ಇವರ ಅಣ್ಣ? ತಗೊಂಡಾಯ್ತಂತೆ? ನಿಮ್ಮ ತಮ್ಮ ಹೇಳಿದ್ರು. ಗಾಡಿ ನಮ್ಮದಾಯ್ತು, ಅಣ್ಣ ದುಡ್ಡಿನ ವ್ಯವಸ್ಥೆಗೆ ಹೋಗಿದಾನೆ ಅಂತ. ನಮಗೆ ಅದೃಷ್ಟ ಇರಲಿಲ್ಲ ಬಿಡಿ. ಒಳ್ಳೆ ಗಾಡಿ."

ಕೊನೇಮಾತಣ್ಣ ಮಾರಾಟದವಳ ಕಡೆ ನೋಡಿದ. ಅವಳು ಅವನ ಕಣ್ಣು ತಪ್ಪಿಸಿ ಮೇಜಿನ ಮೇಲಿನ ಕಾಗದಗಳನ್ನು ಒಪ್ಪ ಮಾಡುತ್ತಿದ್ದಳು. ಇನ್ನೂ ಮಾರಿಲ್ಲ ಎಂದು ಬಾಯಿಬಿಟ್ಟಿದ್ದರೆ ಒಂದೇ ನಿಮಿಷದಲ್ಲಿ ಗಾಡಿ ಆಶ್ರಮದವನ ಪಾಲಾಗುತ್ತಿತ್ತು. ಅವಳು ಬಾಯಿಬಿಟ್ಟಿರಲಿಲ್ಲ. ಅವಳ ಮುಖ ಮಾತ್ರ ಖಾಲಿ, ಪೂರ್ತಿ ಖಾಲಿ. ಅವಳಿಂದ ಕಲಿಯಬೇಕು ಎನಿಸಿತು ಅವನಿಗೆ.

"ಹೌದು, ನಮ್ಮದೇ" ಎಂದ. ಆಶ್ರಮದವನು ತಮ್ಮನ ಹೆಗಲು ತಟ್ಟಿ ಹೊರಟುಹೋದ.

ಆಮೇಲೆ ಅವನು ಮೂಲೆಯ ಮೇಜಿಗೆ ಹೋಗಿ, ತಮ್ಮನಿಗೆ ಬೆನ್ನು ಹಾಕಿ ಕೂತು, ತಗ್ಗಿದ ದನಿಯಲ್ಲಿ ಹೇಳಿದ. "ಬರ್ಕೊಳಮ್ಮ. ನೀನು ಹೇಳಿದ್ದೇ ಬೆಲೆ."

"ಇಪ್ಪತ್ತು ಸಾವಿರ ನನ್ನ ಕೈಲಿಲ್ಲ ಸರ್. ಇದ್ದಿದ್ರೆ ಆಗಲೇ ಬಿಡ್ತಿದ್ದೆ" ಎಂದಳು ಅವಳೂ ತಗ್ಗಿದ ದನಿಯಲ್ಲಿ. "ಮ್ಯಾಟು ಕೊಡ್ಲಾ?"

"ಕೊಡು" ಎಂದ ಕೊನೇಮಾತಣ್ಣ. ಮ್ಯಾಟಿನ ಅಂಗಡಿಯವನು.

ಹಿಂದೆಯೇ ಒಳಗೆ ಬಂದಿದ್ದ ಹೆಂಡತಿ, ಅವನು ಸಹಿ ಹಾಕುವಾಗ ಕಾಗದ ಹಾರದಂತೆ ಅಂಚಿಗೆ ಬೆರಳಿಟ್ಟಳು. ಸಹಿ ಮುಗಿಸಿ ಬಂದಾಗ ತಮ್ಮ ಹಲಗೆಯ ಕೆಳಗೆ ಕಾಯುತ್ತಿದ್ದ, ಹಣೆಯಲ್ಲಿ ಬೆವರು.

"ನೀನು ಹೇಳ್ದಂಗೇ ಮುಖ ಬಿಗಿ ಹಿಡ್ಕೊಂಡೇ ಕೂತಿದ್ದೆ ಅಣ್ಣ. ಒಂದು ಸಲಾನೂ ಹಲ್ಲು ಬಿಡಲಿಲ್ಲ."

"ಹೂಂ. ನೋಡ್ದೆ."

"ಎಷ್ಟು ಇಳೀತು?"

ಕೊನೇಮಾತಣ್ಣ ಜೇಬಿನಲ್ಲಿ ಏನೋ ಹುಡುಕಿದ. "ನಡಿ, ಮನೆಗೆ ಹೋಗಿ ಹೇಳ್ತೀನಿ" ಎಂದ. ತಮ್ಮ ಮತ್ತೆ ಕೇಳಲಿಲ್ಲ. ಮನೆಗೆ ಹೋದ ಮೇಲೂ ಕೇಳಲಿಲ್ಲ. ಅಣ್ಣನೂ ಹೇಳಲಿಲ್ಲ.

ಕಾಗದಪತ್ರವೆಲ್ಲ ಮುಗಿದು ಗಾಡಿ ಕೈಗೆ ಬಂದ ದಿನ ಅದನ್ನು ಓಡಿಸಿದವಳು ಹೆಂಡತಿ. ತಿರುವಿನಲ್ಲೆಲ್ಲ ಹಾರನ್ನು ಒತ್ತಿ ಒತ್ತಿ ಇಡೀ ಬೀದಿಯನ್ನು ಹೊರಗೆ ಎಬ್ಬಿಸಿದಳು. ಜನ ಸುತ್ತ ಮುತ್ತಿಕೊಂಡು ಬಾಗಿಲು ಮುಟ್ಟಿ ನೋಡಿದರು, ಹಲಗೆ ಮುಟ್ಟಿ ನೋಡಿದರು. ಕೊನೇಮಾತಣ್ಣ ಮುಂದಿನ ಸೀಟಿನಿಂದ ಇಳಿದು ಒಂದು ಪಕ್ಕಕ್ಕೆ ನಿಂತ. ಯಾವ ಕ್ಷಣಕ್ಕೆ ಹೆದರಿ ಅವನು ವಾರದಿಂದ ನಿದ್ದೆಗೆಟ್ಟಿದ್ದನೋ ಆ ಕ್ಷಣ ಬಂದಿತ್ತು. ಕೇಳಿದವನು ಎದುರಂಗಡಿಯ ಕ್ಷೌರಿಕ, ಕೈಯಲ್ಲಿ ಬಾಚಣಿಗೆ ಸಮೇತ ಬಂದಿದ್ದ.

"ಕೊನೇಮಾತಣ್ಣ, ಎಷ್ಟು ಇಳಿಸಿದೆ ಹೇಳು ಮತ್ತೆ!"

ಎಲ್ಲರೂ ಅವನ ಬಾಯಿ ನೋಡಿದರು. ಅವನ ಜೀವಮಾನದಲ್ಲಿ ಈ ಪ್ರಶ್ನೆಗೆ ಅವನು ತಡವರಿಸಿದ್ದೇ ಇಲ್ಲ, ಸುಳ್ಳು ಹೇಳಿದ್ದೂ ಇಲ್ಲ. ಬಗ್ಗಿ ಚಪ್ಪಲಿಯ ಪಟ್ಟಿಗೆ ಕೈಹಾಕಿದ.

"ಅದನ್ನ ನನ್ನ ಕೇಳಿ, ನಾನು ಹೇಳ್ತೀನಿ." ವ್ಯಾನಿನ ಕಿಟಕಿಯ ಗಾಜು ಸರ್ರನೆ ಇಳಿದು ತಮ್ಮನ ತಲೆ ಹೊರಗೆ ಬಂತು. "ಮೂಲೆಯ ಮೇಜಲ್ಲಿ ಮಾತಾಡಿದ್ರೂ ನನಗೆ ಎಲ್ಲಾ ಕೇಳಿಸ್ತಿತ್ತು. ಅವಳು ಜಪ್ಪಯ್ಯ ಅನ್ನಲಿಲ್ಲ. ಆಗ ನಮ್ಮಣ್ಣ ಎದ್ದ ನೋಡಿ! ಏಳಿ, ಹೋಗೋಣ ಅಂತ ಹೊರಟೇಬಿಟ್ಟ. ತಿರುಗಿ ನೋಡಲಿಲ್ಲ. ಆ ಹೆಣ್ಣುಮಗಳು ಫುಟ್‌ಪಾತ್ ತನಕ ಓಡಿಹೋಗಿ, ಸರ್ ಬನ್ನಿ ಸರ್ ಬನ್ನಿ ಅಂತ ಕೈಹಿಡಿದು ಕರ್ಕೊಂಡು ಬಂದ್ಲು. ಇಪ್ಪತ್ತು ಸಾವಿರ. ಜೊತೆಗೆ ಮ್ಯಾಟು ಪುಕ್ಕಟೆ!"

ಬೀದಿ ಹೋ ಎಂದಿತು. "ನಂಗೊತ್ತಿತ್ತು" ಎಂದು ಕ್ಷೌರಿಕ ಬಾಚಣಿಗೆಯಿಂದ ಅವನ ಬೆನ್ನಿಗೆ ಬಡಿದ. ಹೆಂಡತಿ ಸ್ಟೀರಿಂಗಿನ ಮೇಲೆ ತಲೆ ಬಗ್ಗಿಸಿಕೊಂಡಳು.

ಕೊನೇಮಾತಣ್ಣ ಗದ್ದಲದ ನಡುವಿನಿಂದ ತಮ್ಮನ ಮುಖ ನೋಡಿದ. ತಮ್ಮನೂ ಅವನನ್ನೇ ನೋಡುತ್ತಿದ್ದ. ಷೋರೂಮಿಗೆ ಹೊರಟ ಬೆಳಿಗ್ಗೆ ಎಷ್ಟು ಹೇಳಿಕೊಟ್ಟರೂ ಬಾರದಿದ್ದ ಆ ಖಾಲಿ ಮುಖ ಈಗ ಬಂದಿತ್ತು. ಅದರಲ್ಲಿ ಏನೂ ಇರಲಿಲ್ಲ.